ಉಳಿದ ಉಪ್ಪು

ಬಾಟಲಿಯಲ್ಲಿ ತುಂಬಿ ತಂದ ನೀರು
ಒಂದೇ ಮಾತು ಹೇಳುತ್ತದೆ:
ಮಂಗಳವಾರ, ಹತ್ತೂವರೆ ಗಂಟೆ.
ಸೋಮವಾರ ರಾತ್ರಿ ಏನಾಯಿತು ಅಂತ ಕೇಳಿದರೆ
ನಾನಿರಲಿಲ್ಲ, ಅನ್ನುತ್ತದೆ.
ಸುಳ್ಳಲ್ಲ. ಸೋಮವಾರದ ನೀರು
ಆಗಲೇ ಫ್ಯೋರ್ಡ್ ಸೇರಿದೆ.

ಅದಕ್ಕೇ ಈ ಕೊಳವೆ.
ಹೆಬ್ಬೆರಳಿಗಿಂತ ತುಸು ದಪ್ಪ, ಗೇಣುದ್ದವೂ ಇಲ್ಲ.
ಒಳಗೊಂದು ಪದರ ರಾಳದ ಮಣಿಗಳು, ನೈಟ್ರೇಟು ಹಾದರೆ
ಕೈ ಹಿಡಿದು ಕೂರಿಸಿಕೊಳ್ಳುತ್ತವೆ, ಹೋಗಗೊಡುವುದಿಲ್ಲ.
ಇನ್ನೊಂದು ಪದರ ಉಪ್ಪು. ಹಠಮಾರಿ ಉಪ್ಪು,
ತೊಟ್ಟು ತೊಟ್ಟಿಗೆ ಚೂರು ಚೂರೇ ಕರಗುವಂಥದು.
ಎಷ್ಟು ಉಪ್ಪು ಹೋಯಿತೋ ಅಷ್ಟು ನೀರು ಹಾದಿದೆ.
ಮೋಟಾರಿಲ್ಲ, ಬ್ಯಾಟರಿಯಿಲ್ಲ,
ಸುಮ್ಮನಿರುವುದೇ ಅದರ ಕೆಲಸ.
ಹದಿನಾಲ್ಕು ದಿನ.

ತೊರೆಯ ಹೆಸರು ಸ್ಟೆನ್‌ಬೆಕ್. ಜಟ್ಲೆಂಡಿನ ನಕ್ಷೆಯಲ್ಲಿ
ಒಂದು ಕೂದಲೆಳೆ. ಬೂಟು ಹಾಕಿ ನಿಂತರೆ ಮೊಣಕಾಲುದ್ದ.
ಆಚೆ ದಡದಲ್ಲಿ ಥೋರ್ಕಿಲ್ಡ್‌ನ ಬಾರ್ಲಿ ಹೊಲ,
ಅದರಾಚೆ ಉದ್ದನೆ ತಗಡಿನ ಕೊಟ್ಟಿಗೆ, ಒಳಗೆ
ಮೂರು ಸಾವಿರ ಹಂದಿ. ಚರ್ಚಿನ ಗಂಟೆಗಿಂತ
ಅವುಗಳ ಮೇವಿನ ಹೊತ್ತೇ ಊರಿಗೆ ಗಡಿಯಾರ.
ಹೊಲದ ಹೊಟ್ಟೆಯಲ್ಲಿ ಸುಟ್ಟ ಮಣ್ಣಿನ ಪೈಪು,
ಅವನ ಅಜ್ಜ ಹೂಳಿದ್ದು, ಬಾಯಿ ಮಾತ್ರ ಹೊರಗೆ,
ತೊರೆಯ ಕಿವಿಗೆ ಏನೋ ಹೇಳುವ ಹಾಗೆ.

ಆ ಬಾಯಿಗೆ ಎರಡು ಮಾರು ಕೆಳಗೆ
ಕಬ್ಬಿಣದ ಗೂಟ ಬಡಿದು ಕೊಳವೆ ಕಟ್ಟಿ ಬಂದೆ.
ನನ್ನ ಗಂಟು ಯಾವತ್ತೂ ಅಷ್ಟಕ್ಕಷ್ಟೆ.
ಬಿಚ್ಚಹೋದರೆ ಬಿಗಿಯುತ್ತದೆ, ಬಿಗಿಯಹೋದರೆ ಬಿಚ್ಚುತ್ತದೆ,
ಲ್ಯಾಬಿನ ರಗ್ನೆಗೆ ಅದೊಂದು ತಮಾಷೆ.

ಎರಡು ವಾರ ಕಳೆದು ಹೋದಾಗ ಕೊಳವೆ ಅಲ್ಲೇ ಇತ್ತು,
ಮುಖ ಹರಿವಿಗೇ ಇತ್ತು, ಪಾಚಿ ಕೂಡ ಒರೆಸಿತ್ತು.
ಗಂಟು ಮಾತ್ರ ನನ್ನದಲ್ಲ.
ಐದು ಸುತ್ತು, ತುದಿ ಒಳಗೆ ತೂರಿಸಿ,
ಉಗುಳು ಹಚ್ಚಿ ಎಳೆದದ್ದು:
ಗಾಳ ಕಟ್ಟಿ ಬಲ್ಲವರ ಗಂಟು.

ರಗ್ನೆ ಫೋನು ಮಾಡಿದಳು. ನೈಟ್ರೇಟು ಕಮ್ಮಿ.
ಒಳ್ಳೆಯದಾಯ್ತಲ್ಲ, ಅಂದೆ.
ಉಪ್ಪು ಜಾಸ್ತಿ ಉಳಿದಿದೆ, ಅಂದಳು, ಸುಮಾರು ಐದು ದಿನದ್ದು.
ಸೇತುವೆಯ ಅಳತೆಪಟ್ಟಿ ನೋಡಿದರೆ
ತೊರೆ ಒಂದು ದಿನವೂ ಸೊರಗಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ.
ಇಲ್ಲಿ ನೀರೇ ತಿನ್ನಬೇಕಿದ್ದ ಉಪ್ಪು
ತಟ್ಟೆಯಲ್ಲಿ ಹಾಗೇ ಬಿದ್ದಿದೆ.

ಆ ಐದು ದಿನ ಗೊಬ್ಬರದ ಟ್ಯಾಂಕರು ಹೊಲಕ್ಕಿಳಿದಿತ್ತು,
ಇಡೀ ಕಣಿವೆ ಮೂಗು ಮುಚ್ಚಿಕೊಂಡಿತ್ತು. ಆಮೇಲೆ ಮಳೆ.
ಕಣ್ಣಿಗೆ ಕಟ್ಟಿತು: ಹಣೆಗೆ ದೀಪ ಬಿಗಿದು,
ಎಪ್ಪತ್ತು ದಾಟಿದ ಮೊಣಕಾಲು ತಣ್ಣೀರಿಗಿಳಿದು,
ಕೊಳವೆ ಬಿಚ್ಚಿ, ಕೋಟಿನ ಜೇಬಿಗಿಳಿಸಿ,
ಅಡುಗೆಮನೆಯ ಕಿಟಕಿಯಲ್ಲಿ
ಜೆರೇನಿಯಂ ಕುಂಡದ ಪಕ್ಕ ಮಲಗಿಸಿದ್ದು.
ಒಡೆಯಬಹುದಿತ್ತು. ಫ್ಯೋರ್ಡಿಗೆ ತೇಲಿಬಿಡಬಹುದಿತ್ತು.
ಮಳೆ ಬಿಟ್ಟ ಮೇಲೆ ಮರಳಿ ಕಟ್ಟಿದ್ದಾನೆ,
ನನಗಿಂತ ಚೆನ್ನಾಗಿ.

ಹೋದೆ. ಕಾಫಿ ಬಗ್ಗಿಸಿದ.
ಹಂದಿಯ ದರ ಹೇಳಿದ, ಬ್ಯಾಂಕನ್ನು ಬೈದ,
ಹುಡುಗನಾಗಿದ್ದಾಗ ಪೈಪಿನ ಬಾಯಲ್ಲೇ ನಿಂತು ಹಿಡಿದ
ಟ್ರೌಟ್ ಎಷ್ಟುದ್ದವಿತ್ತೆಂದು ತೋರಿಸಲು ಕೈಯಗಲಿಸಿದ.
ಎರಡು ಅಂಗೈಗಳ ನಡುವೆ
ಆ ಜಾಗ ಬಹಳ ಹೊತ್ತು ಹಾಗೇ ಇತ್ತು.

ಗಂಟು ಹಾಕುವುದು ಕಲಿಸಿಕೊಡಿ, ಅಂದೆ.
ಅವನು ನನ್ನನ್ನು ನೋಡಿದ. ದಾರ ತಂದ.
ಒಂದು, ಎರಡು, ಮೂರು.
ನಾಲ್ಕನೇ ಸುತ್ತಿಗೆ ಬೆರಳು ನಿಂತಿತು.
ಅದರೊಳಗೆ ಉಪ್ಪಿರುತ್ತದಾ, ಅಂದ.
ಇರುತ್ತದೆ, ಅಂದೆ.
ತಲೆಯಾಡಿಸಿ ಐದನೆಯದು ಸುತ್ತಿದ.

ನಮೂನೆ ಪತ್ರದ ಷರಾ ಕಾಲಂ
ಎರಡು ಬೆರಳಷ್ಟೂ ಅಗಲವಿಲ್ಲ.
ಕಾರಿನಲ್ಲಿ ಕೂತು ಬರೆದೆ: ಐದು ದಿನ ನೀರಿನಿಂದ ಹೊರಗೆ.
ಯಾರು ಅಂತ ಕೇಳುವ ಕಾಲಂ ಇರಲಿಲ್ಲ.
ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಹೊಸ ಕೊಳವೆ ಇಳಿಸುವಾಗ
ಅವನು ದಡದ ಮೇಲೆ ನಿಂತಿದ್ದ, ಕೈ ಜೇಬಿನಲ್ಲಿ.
ಕಟ್ಟಿದ್ದು ನಾನು. ಗಂಟು ಅವನದು.
ಗುರುವಾರದಿಂದ ಮಳೆಯಂತೆ.