ಐದನೆಯ ಹಾವು

ಸೂಜಿ ಚುಚ್ಚಿದ ಎಡಗೈ ಅಲ್ಲಾಡಬಾರದು.
ಬಲಗೈಯೋ ಸುಮ್ಮನಿರುವ ಜಾತಿಯದಲ್ಲ, ವಾರಿಜಕ್ಕ,
ಆಸ್ಪತ್ರೆಯ ಹೊದಿಕೆಯ ಅಂಚು ಹಿಡಿದು
ಇಲ್ಲದ ಎಲೆಯನ್ನು ಸುರುಟುತ್ತದೆ,
ಬಾಯಿ ಮಡಚುತ್ತದೆ, ನೂಲು ಸುತ್ತುತ್ತದೆ.

"ಇಡೀ ರಾತ್ರಿ ಕಂಪ್ಯೂಟರಿನಲ್ಲಿ ಎಂತ ಮಾಡುವುದು ನೀನು?"
ಮೂರು ವಾರದಿಂದ ಕೇಳುತ್ತಿದ್ದೀರಿ.
ರಕ್ತ ಹೊರಗೆ ಹೋಗಿ ತೊಳೆದು ಬರಲು ನಾಲ್ಕು ಗಂಟೆ ಬೇಕು.
ಹೇಳುತ್ತೇನೆ.

ನಿಮ್ಮ ಗೆರಸೆಯಲ್ಲಿ ಎಲೆ ಇತ್ತು, ಹೊಗೆಸೊಪ್ಪಿನ ಹುಡಿ ಇತ್ತು.
ನನ್ನದರಲ್ಲಿ ಇಪ್ಪತ್ತು ಬಗೆಯ ಮಣಿ.
ಪೋಣಿಸಿ ನೀರಿಗೆ ಬಿಟ್ಟರೆ ಸರ ಸರವಾಗಿ ಉಳಿಯುವುದಿಲ್ಲ,
ಎಣ್ಣೆಯ ಗುಣದ ಮಣಿಗಳು ಒಳಗೆ ಮುದುಡಿ
ನೀರಿನ ನಂಟಿನವು ಹೊರಗೆ ಮುಖ ಹಾಕಿ
ತನ್ನಷ್ಟಕ್ಕೇ ಮಡಚಿಕೊಂಡು ಒಂದು ಆಕಾರ.
ಪ್ರೋಟೀನು ಎಂದೆ. ನೀವು ಮೊಟ್ಟೆ, ಬಂಗುಡೆ ಎಂದಿರಿ.
ಅದೂ ಹೌದು. ನಿಮ್ಮ ರಕ್ತವೂ ಹೌದು.
ಹಾವಿನ ವಿಷವೂ.

ಗಂಜಿಮಠದ ಗುಡ್ಡೆಯಲ್ಲಿ ತರಗೆಲೆ ಗುಡಿಸುವಾಗ ಕಂಡದ್ದು
ಗೇಣುದ್ದ, ಒಣಗಿದೆಲೆಯದೇ ಬಣ್ಣ,
ಮೂಗು ತುಸು ಮೇಲೆ, ಜಂಬದವರ ಹಾಗೆ.
ಹತ್ತು ಬಾಟಲಿ ಮದ್ದು ಏರಿಸಿದರು, ಮತ್ತೂ ಹತ್ತು.
ಮದ್ದಿನ ತಪ್ಪಲ್ಲ. ಅದಕ್ಕೆ ಗೊತ್ತಿದ್ದುದು ನಾಲ್ಕೇ:
ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ;
ಎಲ್ಲೋ ದೂರದ ಲಾಯದಲ್ಲಿ
ಕುದುರೆಯ ರಕ್ತ ಬಾಯಿಪಾಠ ಮಾಡಿದ ನಾಲ್ಕು ಮುಖ.
ನಿಮ್ಮದು ಐದನೆಯದು.
ಹಂಪನಕಟ್ಟೆಯಲ್ಲಿ ಭುಜಕ್ಕೆ ಭುಜ ತಾಗಿದರೂ
ಗುರುತಿಲ್ಲದೆ ದಾಟಿಹೋಗುವವರ ಹಾಗೆ
ನಿಮ್ಮ ನರದೊಳಗೆ ಮದ್ದು ವಿಷದ ಪಕ್ಕದಿಂದಲೇ ಹೋಯಿತು.

ಈಗ ನನ್ನ ಕೆಲಸ.
ಆ ವಿಷದ ಆಕಾರವನ್ನು ಪರದೆಗೆ ತಂದು
ಎದುರಿಗೆ ಹಿಡಿಯುವ ಒಂದು ಕೈ ನಿಲ್ಲಿಸುವುದು.
ತಿರುಗಿಸಿ, ಓರೆ ಮಾಡಿ, ತಲೆಕೆಳಗು ಮಾಡಿ
ಅರುವತ್ತು ಸಾವಿರ ಸಲ ತಾಗಿಸಿ ನೋಡುವುದು.
ಎಲ್ಲಿ ಗುಂಡಿ, ಎಲ್ಲಿ ಉಬ್ಬು,
ನಡುವೆ ಸಿಕ್ಕಿಬಿದ್ದ ನೀರು ಜಾಗ ಬಿಡುತ್ತದೋ ಇಲ್ಲವೋ.
ಬೀಗ, ಕೀಲಿ ಎಂದು ಶಾಲೆಯಲ್ಲಿ ಕಲಿಸಿದ್ದರು.
ಅಷ್ಟು ಗಟ್ಟಿಯಲ್ಲ ಅಕ್ಕ, ಎರಡೂ ಮಿಸುಕಾಡುತ್ತವೆ.
ಸ್ಟೇಟ್‌ಬ್ಯಾಂಕ್ ಬಸ್ಸಿನಲ್ಲಿ ಮೂರನೆಯವಳು ಬಂದಾಗ
ಕೂತ ಇಬ್ಬರು ತುಸು ಸರಿದು
ಸೀಟು ಮೂವರದಾಗುತ್ತದಲ್ಲ, ಹಾಗೆ.

ಬೆಳಿಗ್ಗೆ ಕಂಪ್ಯೂಟರು ಅಂಕ ಹಾಕಿಟ್ಟಿರುತ್ತದೆ.
ಬೀಡಿ ಬ್ರಾಂಚಿನ ಜಯಕರ ನೆನಪುಂಟಲ್ಲ?
ಕಟ್ಟು ಒತ್ತಿ ನೋಡಿ, "ಇದು ಆಗ್ತದೆ, ಇದು ಆಗುವುದಿಲ್ಲ,"
ಎಂದು ನಿಮ್ಮೆದುರೇ ಮುರಿದು ಬಿಸಾಡುತ್ತಿದ್ದ.
ಅವನದೇ ತಮ್ಮ ಇದು.
ಅವನಷ್ಟೇ ತಪ್ಪುತ್ತದೆ ಕೂಡ.
ಹೋದ ಜೂನಿನಲ್ಲಿ ಮೊದಲ ರ‍್ಯಾಂಕಿನ ಕೈಯನ್ನು
ನಿಜವಾಗಿ ಮಾಡಿಸಿ ಗಾಜಿನ ನಳಿಗೆಗೆ ಇಳಿಸಿದೆವು,
ವಿಷ ತಿರುಗಿಯೂ ನೋಡಲಿಲ್ಲ.
ಐರಿನ್ ಮೇಡಂ ಏನೂ ಹೇಳದೆ ಒಂದು ಚಾ ಕುಡಿಸಿದರು.

ಹನ್ನೆರಡನೆಯದು ಹಿಡಿಯಿತು.
ಸಡಿಲವಾಗಿ. ಹಿಡಿಯಿತು, ಅಷ್ಟೇ.
ಮದ್ದಲ್ಲ ಅದು; ಆಗಲಿಕ್ಕೆ ವರ್ಷಗಳು ಬೇಕು,
ಆಗದೆಯೂ ಹೋದೀತು.
ನಿಮ್ಮ ಕಿಡ್ನಿಗಂತೂ ಅಲ್ಲ ಎನ್ನುವುದನ್ನು
ನಾನು ಹೇಳಲಿಲ್ಲ, ನೀವು ಕೇಳಲಿಲ್ಲ.

ಬಲಗೈ ನಿಂತಿತು. ಹೊದಿಕೆಯ ಅಂಚು ಬಿಚ್ಚಿಕೊಂಡಿತು.
"ಸಡಿಲ ಅಂದಿಯಲ್ಲ,
ಬಾಯಿಯಲ್ಲಿ ಸಡಿಲವೋ, ಬುಡದಲ್ಲೋ?
ಬಾಯಿಯಲ್ಲಾದರೆ ಹುಡಿ ಉದುರುತ್ತದೆ, ಮತ್ತೆ ಮಡಚಿದರಾಯಿತು.
ಬುಡದಲ್ಲಾದರೆ ಎಲೆ ಕತ್ತರಿಸಿದ್ದೇ ತಪ್ಪು."

ಯಂತ್ರ ಕೂಗಿತು. ಸಿಸ್ಟರ್ ಬಂದು ಗುಂಡಿ ಒತ್ತಿ ಹೋದರು.
ಎಂಟು ತಿಂಗಳಿಂದ ನಾನು
ಇಡೀ ಹಿಡಿತಕ್ಕೆ ಒಂದೇ ಅಂಕ ಕೊಟ್ಟುಕೊಂಡು ಕೂತಿದ್ದೆ.

ದೇರಳಕಟ್ಟೆಗೆ ಹೋಗುವ ಬಸ್ಸು,
ನೇತ್ರಾವತಿಯ ಸೇತುವೆಯ ಮೇಲೆ ಬ್ಲಾಕ್.
ಟಿಕೇಟಿನ ಬೆನ್ನಿಗೆ ಬರೆದುಕೊಂಡೆ:
ಬಾಯಿಯೋ?
ಬುಡವೋ?