ಕ್ರಮಸಂಖ್ಯೆ ಮೂವತ್ತೊಂದು

ಅರ್ಜಿಯ ಎರಡನೇ ಪುಟದಲ್ಲೇ ಸಿಕ್ಕಿಬಿದ್ದೆವು:
ಕನಿಷ್ಠ ಐದು ಬಸ್ಸಿರಬೇಕು.
ಸಲ್ಡಾನರ ಸ್ಟೆಲ್ಲಾ ಎರಡು,
ಹಾಲಪ್ಪ ಗೌಡರದು ಎರಡು, ಅದರಲ್ಲೊಂದು ಗ್ಯಾರೇಜಿನಲ್ಲಿ,
ಮುನೀರ್ ಸಾಹೇಬರದು ಒಂದೇ ಒಂದು.
ಮೂರು ನಿಮಿಷದ ಟೈಮಿಂಗಿಗಾಗಿ
ಆಯನೂರಿನಲ್ಲಿ ಕಾಲರ್ ಹಿಡಿದುಕೊಂಡವರು ಮೂವರೂ.
ಅವರನ್ನು ಶಿವಮೊಗ್ಗದ ಖಾಸಗಿ ಸ್ಟ್ಯಾಂಡಿನ ಹಿಂದೆ
ಒಂದೇ ಟೇಬಲ್ಲಿಗೆ ಕೂರಿಸಿದ್ದು
ಸಹಾಯಧನ ಅನ್ನುವ ಒಂದು ಪದ,
ಮತ್ತೆ ಮುನೀರ್ ಸಾಹೇಬರ ಲೆಕ್ಕದ ಮಂಡಕ್ಕಿ.

ಬರೆಯುವವ ನಾನು.
ಇಪ್ಪತ್ತೆರಡು ವರ್ಷ ಸ್ಟೆಲ್ಲಾದ ಕಂಡಕ್ಟರ್.
ಓಡುವ ಬಸ್ಸಿನಲ್ಲಿ ಟಿಕೇಟು ಬರೆದೂ ಬರೆದೂ
ನಿಂತ ಟೇಬಲ್ಲಿನ ಮೇಲೂ ನನ್ನ ಅಕ್ಷರ ಅಲುಗುತ್ತದೆ.

ಬರುವುದೇನೆಂದರೆ, ಮುಂದಿನ ಸ್ಟಾಪು ಹೇಳುವ ಒಂದು ಪೆಟ್ಟಿಗೆ,
ಅದನ್ನೇ ಬರೆದು ತೋರಿಸುವ ಒಂದು ಬೋರ್ಡು.
ಕಾಣದವರಿಗೆ ಅದು, ಕೇಳದವರಿಗೆ ಇದು.
ನೂರಕ್ಕೆ ಹತ್ತು ಮಾತ್ರ ನಮ್ಮ ಕೈಯಿಂದ.
"ಹತ್ತು ಯಾಕೆ ನಮ್ಮದು?" ಅಂದರು ಗೌಡರು.
ಮಂಡಕ್ಕಿ ಮುಗಿಯುವ ತನಕ ಅದೇ ಮಾತು.

ಕಾಲಂ ಏಳು: ನಿಲ್ದಾಣಗಳ ಪಟ್ಟಿ.
ಪರ್ಮಿಟ್ಟಿನಲ್ಲಿ ಇರುವುದು ಹತ್ತೊಂಬತ್ತು.
ನಿಲ್ಲಿಸುವುದು? ಬೆರಳು ಮಡಿಸಿದೆ,
ಬೆರಳು ಸಾಲದೆ ಟಿಕೇಟು ಪುಸ್ತಕದ ಹಿಂದೆ ಗೀಟು ಹಾಕಿದೆ:
ನಲವತ್ತೇಳು.
ನಾವು ಎರಡನೇ ಮೋರಿ ಅನ್ನುವುದಕ್ಕೆ
ಗೌಡರ ಕಡೆಯವರು ಪದ್ದಕ್ಕನ ಕ್ಯಾಂಟೀನು ಅನ್ನುತ್ತಾರೆ,
ಮುನೀರ್ ಸಾಹೇಬರ ಹುಡುಗ ಬರೀ ಸೀಟಿ ಊದುತ್ತಾನೆ.
ಪೆಟ್ಟಿಗೆಗೆ ಯಾವ ಹೆಸರು ಕಲಿಸುವುದು?

ಕಡೆಗೆ ಶಕೀಲಾಳನ್ನು ಕೇಳಿದೆ.
ಹೊಸನಗರದ ಆಸ್ಪತ್ರೆಯಲ್ಲಿ ಟೆಲಿಫೋನಿಗೆ ಕೂರುವವಳು,
ರಿಪ್ಪನ್‌ಪೇಟೆಯಲ್ಲಿ ಹತ್ತುತ್ತಾಳೆ, ಬಾಗಿಲ ಹಿಂದಿನ ಎರಡನೇ ಸೀಟು,
ಮಡಿಚಿದ ಕೋಲು ಮಡಿಲಲ್ಲಿ.
"ಹೆಸರು ಯಾವುದಾದರೂ ಇಡಿ," ಅಂದಳು,
"ನಿಂತ ಮೇಲೆ ಹೇಳಬೇಡಿ. ನೀವು ಮಾಡುವುದು ಅದನ್ನೇ.
ಬಸ್ಸು ನಿಂತದ್ದು ನನಗೂ ಗೊತ್ತಾಗುತ್ತೆ.
ಒಂದು ತಿರುವು ಮೊದಲು ಹೇಳಿ.
ಚೀಲ ಎತ್ತಿಕೊಳ್ಳಬೇಕು, ಚಪ್ಪಲಿ ಹುಡುಕಬೇಕು,
ಅಷ್ಟು ಜನರ ನಡುವೆ ಕೈಗೊಂದು ಕಂಬಿ ಸಿಗಬೇಕು."

ಇಪ್ಪತ್ತೆರಡು ವರ್ಷ
ನಾನು ಕೂಗಿದ್ದೆಲ್ಲ ಬ್ರೇಕು ಹಾಕಿದ ಮೇಲೆ.

ಕಲ್ಲು ಕೆಲಸದ ದ್ಯಾವ ನಾಯ್ಕನಿಗೆ ಕಿವಿ ಕೇಳುವುದಿಲ್ಲ.
ಕಿಟಕಿಗೆ ಮೂಗು ಒತ್ತಿಕೊಂಡೇ ಬರುತ್ತಾನೆ,
ಕತ್ತಲಾದರೆ ಹೆದರಿ ಒಂದು ಸ್ಟಾಪು ಮೊದಲೇ ಇಳಿದುಬಿಡುತ್ತಾನೆ,
ಆಮೇಲೆ ಸುತ್ತಿಗೆ ಚೀಲ ಹೊತ್ತು ಒಂದೂವರೆ ಮೈಲಿ.
ಅವನ ಮನೆ ಅಲ್ಲೇ ಅಂದುಕೊಂಡಿದ್ದೆ ನಾನು.
ಓದಲೂ ಬಾರದು ಅವನಿಗೆ.
ಬೋರ್ಡಿನಲ್ಲಿ ಏನು ಬರೆಸಲಿ ಎಂದು ಕೈಸನ್ನೆಯಲ್ಲಿ ಕೇಳಿದರೆ
ನನ್ನ ಪೆನ್ನು ಕಸಿದು
ಅಂಗೈ ಮೇಲೆ ಒಂದು ಮರ ಬಿಡಿಸಿದ.

ಅವನ ಸ್ಟಾಪು ಹುಣಸೆಮರ.
ರಸ್ತೆ ಅಗಲ ಮಾಡಿದ ವರ್ಷವೇ ಕಡಿದರು.
ಶಕೀಲಾಗೂ ಅದು ನೆನಪಿದೆ:
ಅಲ್ಲಿ ಕಿಟಕಿ ಒಂದು ಗಳಿಗೆ ತಂಪಾಗುತ್ತಿತ್ತಂತೆ,
ಈಗ ಒಂದೇ ಸಮ ಬಿಸಿಲಂತೆ.

ಅರ್ಜಿ ಹೋಯಿತು. ಎಂಟು ತಿಂಗಳು.
ಈ ನಡುವೆ ಕ್ಲೀನರ್ ಹುಡುಗ ರಟ್ಟುಗಳ ಮೇಲೆ
ಮರ, ಮೋರಿ, ಡಿಪೋ, ಆಸ್ಪತ್ರೆ ಬಿಡಿಸಿ ದಾರಕ್ಕೆ ಪೋಣಿಸಿ
ಡ್ರೈವರ್ ಬೆನ್ನ ಹಿಂದೆ ತೂಗುಹಾಕಿದ್ದಾನೆ.
ಮಗುಚುವುದು ಮರೆಯುತ್ತಾನೆ, ಬೈಸಿಕೊಳ್ಳುತ್ತಾನೆ.
ನಾನು ಒಂದು ತಿರುವು ಮೊದಲು ಕೂಗಲು ಕಲಿಯುತ್ತಿದ್ದೇನೆ.
"ಎಲ್ಲಿ ನಿಲ್ಲಿಸಲಿ, ತಿರುವಿನಲ್ಲಾ?" ಡ್ರೈವರ್ ಗದರುತ್ತಾನೆ.
ಟೈಮಿಂಗಿನ ಜಗಳ ಹಾಗೇ ಇದೆ. ಶುಕ್ರವಾರ ಮತ್ತೆ ಕಾಲರ್.

ನಿನ್ನೆ ಲಕೋಟೆ ಬಂತು. ಹಣವಲ್ಲ.
"ಕ್ರಮಸಂಖ್ಯೆ ಮೂವತ್ತೊಂದು. ಸ್ಥಳ ಪರಿಶೀಲನೆಯಲ್ಲಿ
ಹುಣಸೆಮರ ಕಂಡುಬಂದಿರುವುದಿಲ್ಲ.
ಏಳು ದಿನದೊಳಗೆ ಸ್ಪಷ್ಟೀಕರಣ ಸಲ್ಲಿಸತಕ್ಕದ್ದು."

ಮೂವರೂ ಬಂದರು, ಈ ಸಲ ಮಂಡಕ್ಕಿ ಗೌಡರದು.
"ಹೆಸರು ತೆಗೆದುಬಿಡು ಮಾರಾಯ," ಅಂದರು ಸಲ್ಡಾನರು,
"ನಲವತ್ತಾರು ಅಂತ ಮಾಡು."
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು,
ಬರೆದೆ, ಅಕ್ಷರ ಅಲುಗದ ಹಾಗೆ ಒತ್ತಿ:

ಮಾನ್ಯರೆ, ಮರ ಇಲ್ಲ.
ಇಳಿಯುವವರು ಇದ್ದಾರೆ.