ಹದಿನೇಳನೇ ಪೋಸ್ಟು

ಹದಿನೇಳನೇ ಪೋಸ್ಟು ನನ್ನದು.
ಕೊರ್ಪಿಲಹ್ತಿಯ ಆಚೆ, ಜಲ್ಲಿ ರಸ್ತೆ ದಿಣ್ಣೆ ಹತ್ತಿ
ಥಟ್ಟನೆ ಎಡಕ್ಕೆ ಕತ್ತು ಹೊರಳಿಸುವ ಕಡೆ.
ಇಪ್ಪತ್ತಾರು ಬೇಸಿಗೆ ಇಲ್ಲೇ ನಿಂತಿದ್ದೇನೆ,
ಕೊರಳಲ್ಲಿ ಸೀಟಿ, ಕಂಕುಳಲ್ಲಿ ಹಳದಿ ಬಾವುಟ,
ಫ್ಲಾಸ್ಕಿನಲ್ಲಿ ತೆರ್ಹೊ ಕಾಸಿದ, ನಾಲಗೆ ಒಗರಾಗುವ ಕಾಫಿ.

ಕಾರು ಬರುವುದು ಮೊದಲು ಅಂಗಾಲಿಗೆ ಗೊತ್ತಾಗುತ್ತದೆ,
ಆಮೇಲೆ ಕಿವಿಗೆ.
ಕಣ್ಣಿಗೆ ಬೀಳುವಷ್ಟರಲ್ಲಿ ಅದು ಗಾಳಿಯಲ್ಲಿರುತ್ತದೆ
ನಾಲ್ಕೂ ಚಕ್ರ ನೆಲದ ಋಣ ಹರಿದುಕೊಂಡು.

ಹಿಂದೆಲ್ಲ ಯಾವುದಾದರೂ ಕಾರು ಚರಂಡಿಗೆ ಉರುಳಿದರೆ
ಪುಸ್ತಕ ಏನನ್ನುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ.
ಬ್ಲೂಬೆರಿ ಆಯುತ್ತಿದ್ದವರು, ಸಾಸೇಜು ಸುಡುತ್ತಿದ್ದವರು,
ಒಂದು ಸಲ ಒಬ್ಬ ಪಾದ್ರಿ ಕೂಡ, ತೋಳು ಮಡಚಿ,
ಹೋ ಅಂತ ಹೆಗಲು ಕೊಟ್ಟರೆ ಆಯಿತು,
ಅಂಗಾತ ಬಿದ್ದ ಜೀರುಂಡೆಯನ್ನು ಕಡ್ಡಿಯಲ್ಲಿ ಮಗುಚಿದ ಹಾಗೆ.
ಎಂಟು ಜನ ಬೇಕು.
ತೆರ್ಹೊ ಇದ್ದರೆ ಏಳು ಸಾಕು.

ಆಮೇಲೆ ಕಾರಿಗೆ ಬ್ಯಾಟರಿ ಬಂತು.
ಶಾಲೆಯ ಜಿಮ್ಮಿನಲ್ಲಿ, ಮಕ್ಕಳ ಬೆಂಚಿನ ಮೇಲೆ
ಮಂಡಿ ಗದ್ದಕ್ಕೆ ತಾಗುವಂತೆ ಕೂರಿಸಿ ಪಾಠ ಹೇಳಿದರು:
ಗಾಜಿನ ಹಿಂದೆ ಒಂದು ಪುಟ್ಟ ದೀಪ. ಹಸಿರಾದರೆ ಮುಟ್ಟಿ.
ಕೆಂಪಾದರೆ, ದೀಪವೇ ಕಾಣದಿದ್ದರೆ, ದೂರ ನಿಲ್ಲಿ, ದೂರ ನಿಲ್ಲಿಸಿ.
ಮೊಣಕೈವರೆಗಿನ ರಬ್ಬರ್ ಕೈಗವಸು ಕೊಟ್ಟರು,
ಹಸುವಿನ ಹೆರಿಗೆ ಮಾಡಿಸುವವರು ತೊಡುವಂಥದ್ದು.
ತೆರ್ಹೊ ನಕ್ಕ.
ನಾನು ಸಹಿ ಹಾಕಿದೆ.

ಎರಡನೇ ವರ್ಷವೇ ಅದು ಬಂದು ಬಿತ್ತು,
ಮೂರು ಪಲ್ಟಿ, ಆಲ್ಡರ್ ಪೊದೆಯಲ್ಲಿ ಮಗ್ಗುಲಾಗಿ.
ನೋಟ್ಸ್ ಓದುವ ಹುಡುಗಿ ಬೆಲ್ಟಿನಲ್ಲಿ ಜೋತಿದ್ದಳು,
ಮುಂದಿನ ತಿರುವಿನ ಪುಟದ ಮೇಲೆ ಬೆರಳು ಹಾಗೇ ಇತ್ತು.
ಜನ ಓಡಿದರು. ನಾನು ಸೀಟಿ ಊದಿದೆ.
ದೀಪ ಕಾಣುತ್ತಿಲ್ಲ, ಕಾಣುತ್ತಿಲ್ಲ ಅಂತ ಕೂಗುತ್ತ
ನಮ್ಮೂರಿನವರಿಗೇ ಎರಡೂ ಕೈ ಚಾಚಿ ಅಡ್ಡ ನಿಂತೆ.
ನಾಲ್ಕು ನಿಮಿಷ.
ಅಷ್ಟೂ ಹೊತ್ತು ಅವಳು ನನ್ನನ್ನೇ ನೋಡಿದಳು.

ಬದುಕಿದರು, ಇಬ್ಬರೂ. ಅದನ್ನು ಮೊದಲೇ ಹೇಳಬೇಕಿತ್ತು.
ಗಾಡಿಯವರು ಬಂದು ಗಾಜು ಒರೆಸಿದಾಗ
ಕೆಸರಿನ ಅಡಿಯಲ್ಲಿ
ಹಸಿರಾಗಿಯೇ ಉರಿಯುತ್ತಿತ್ತು ದೀಪ.
ಮನೆ ತಲುಪುವವರೆಗೆ ತೆರ್ಹೊ ಮಾತಾಡಲಿಲ್ಲ.

ಹೋದ ಚಳಿಗಾಲ ಒಂದೇ ಪುಟದ ಕಾಗದ:
ಬ್ಯಾಟರಿ ತೆಗೆಯಲಾಗಿದೆ. ಖರ್ಚು, ತೂಕ, ಇತ್ಯಾದಿ.
ಕೈಗವಸು ವಾಪಸು ಕೊಡತಕ್ಕದ್ದು.
ಆ ನಾಲ್ಕು ನಿಮಿಷ ಯಾರಿಗೆ ವಾಪಸು ಕೊಡಲಿ,
ಅದಕ್ಕೆ ಕಾಲಂ ಇರಲಿಲ್ಲ.

ಮುಂದಿನದು ಇನ್ನೂ ಹೊಸತಂತೆ.
ಪಕ್ಕದ ಮನೆಯ ಸೊಯ್ಲಿಗೆ ಹದಿನೇಳು,
ಅಜ್ಜನ ಖಾಲಿ ಕೊಟ್ಟಿಗೆಯಲ್ಲಿ ಕೊಳವೆ ಬೆಸೆಯುತ್ತಾಳೆ.
ಇನ್ನು ಚೌಕಟ್ಟು ಕೊಳವೆಯದಾದರೂ ಆಯಿತು,
ಬೆಲೆಗೆ ಬೇಲಿ ಹಾಕುತ್ತಾರೆ,
ದೊಡ್ಡ ಕಂಪನಿಯೇ ಆಗಬೇಕೆಂದಿಲ್ಲ,
ಯಾರು ಬೇಕಾದರೂ ಕಟ್ಟಬಹುದು ಅನ್ನುತ್ತಾಳೆ,
ಯಾರು ಬೇಕಾದರೂ ಅನ್ನುವಾಗ ಮುಖವಾಡ ಮೇಲೆತ್ತಿ.
ಬರೆದವರೇ ನಾಳೆ ಹೊಡೆದುಹಾಕುತ್ತಾರೆ ಮಗೂ
ಅನ್ನಬೇಕೆನಿಸಿತು. ಅನ್ನಲಿಲ್ಲ.

ತೆರ್ಹೊಗೆ ಈಗ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ.
ಮೇವಿನ ಡಬ್ಬದ ಮೇಲೆ ಕೂತು ಎಡಗೈಯಲ್ಲಿ
ಅವಳಿಗೆ ಕೊಳವೆ ಹಿಡಿದುಕೊಡುತ್ತಾನೆ.
ನಿನ್ನೆ ಕೇಳಿದ: ಇದು ಬಿದ್ದರೆ
ಎಲ್ಲಿ ಹಿಡಿದು ಎತ್ತಬೇಕು?

ಅವಳು ಮಸಿಗೈಯಲ್ಲೇ ನಿಯಮದ ಹಾಳೆ ತಿರುವಿದಳು,
ಹಿಂದೆ, ಮುಂದೆ, ಅನುಬಂಧದಲ್ಲೂ.
ಸಿಗಲಿಲ್ಲ.
ಸೀಮೆಸುಣ್ಣ ತಂದು, ಬಗ್ಗಿ,
ಆ ಕಡೆ ನಾಲ್ಕು, ಈ ಕಡೆ ನಾಲ್ಕು ಗೆರೆ ಎಳೆದಳು,
ಅಂಗೈ ಅಗಲದವು.

ನನ್ನದು ಸರಿಹೋಗುತ್ತದೋ ನೋಡೋಣ ಅಂತ
ಬರಿಗೈ ಚಾಚಿದೆ.
ತಡಿ, ಮುಟ್ಟಬೇಡ, ಅಂದಳು ಸೊಯ್ಲಿ,
ಇನ್ನೂ ಬಿಸಿ ಇದೆ.